ಅಜ್ಜನಿಗೆ ಡಿಕ್ಲರೇಷನ್‌ನಲ್ಲಿ ಬಂದ ಗದ್ದೆ: ಕಾಗದ ಸರಿ ಮಾಡಿಕೊಳ್ಳುವುದು ಹೇಗೆ

ನಮ್ಮದು ಸಾಗರದ ಕಡೆ. ಅಜ್ಜ ಗೇಣಿ ಒಕ್ಕಲು, ಅಂದರೆ ಬೇರೆಯವರ ಗದ್ದೆ ಉಳುಮೆ ಮಾಡಿ ಒಡೆಯರಿಗೆ ಬೆಳೆಯಲ್ಲಿ ಪಾಲು ಅಳೆಯುವವರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಒಡೆಯರ ವಿರುದ್ಧ ನೇಗಿಲು ಹೊತ್ತು ಗದ್ದೆಗೆ ಇಳಿದಾಗ ಅವರಿನ್ನೂ ಹುಡುಗ. ದೇವರಾಜ ಅರಸು ಸರ್ಕಾರ ಭೂ ಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಅದನ್ನು ತಮ್ಮ ಹೆಸರಿಗೆ ಕೊಡಿ ಅಂತ ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಊರಲ್ಲಿ ಅದಕ್ಕೆ ಡಿಕ್ಲರೇಷನ್ ಅಂತಲೇ ಹೆಸರು.

ಗದ್ದೆ ಬಂತು. ಕಾಗದ ಮಾತ್ರ ಅರ್ಧಕ್ಕೇ ನಿಂತಿತ್ತು. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹುಡುಕಬೇಕಾದ್ದು ಭೂ ನ್ಯಾಯ ಮಂಡಳಿಯ ಆದೇಶ. ಆ ಅರ್ಜಿಗಳನ್ನು ತೀರ್ಮಾನ ಮಾಡಿದ್ದು ಈ ಮಂಡಳಿಯೇ. ನಮ್ಮದು ಟ್ರಂಕಿನ ತಳದಲ್ಲಿತ್ತು. ಮಡಿಕೆ ಬಿದ್ದಲ್ಲೆಲ್ಲ ಹರಿದು, ಸರಿಯಾಗಿ ಸರ್ವೆ ನಂಬರ್ ಇದ್ದ ಜಾಗವನ್ನೇ ಗೆದ್ದಲು ತಿಂದಿತ್ತು. ಹೀಗಾಗಿದ್ದರೆ ಗಾಬರಿ ಬೇಡ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಅಜ್ಜನ ಹೆಸರು, ಊರು, ಗೊತ್ತಿದ್ದರೆ ಆದೇಶದ ನಂಬರ್ ಬರೆಯಿರಿ. ನನ್ನನ್ನು ಮೂರು ಸಲ 'ಫೈಲು ಸಿಗ್ತಿಲ್ಲ' ಅಂತ ವಾಪಸ್ ಕಳಿಸಿದರು. ಅದನ್ನೇ ಬರೆದು ಕೊಡಿ ಅಂದೆ. ನಾಲ್ಕನೇ ಸಲ ಫೈಲು ಸಿಕ್ಕಿತು. ನೀವೂ ಬಾಯಿಮಾತಿಗೆ ಒಪ್ಪಬೇಡಿ, ಅರ್ಜಿಗೆ ಸ್ವೀಕೃತಿ ಇಸ್ಕೊಳ್ಳಿ.

ಆದೇಶ ಇದ್ದರೆ ಸಾಲದು. ನಮೂನೆ 10 ಬೇಕು. ಅಧಿಭೋಗದ ಹಕ್ಕಿನ, ಅಂದರೆ ಉಳುತ್ತಿದ್ದವರಿಗೇ ಜಮೀನಿನ ಹಕ್ಕು ಸಿಕ್ಕಿದ್ದರ ಪ್ರಮಾಣಪತ್ರ ಅದೇ. ಅದು ಇಲ್ಲವಾದರೆ, ಸರ್ಕಾರಕ್ಕೆ ಕಟ್ಟಬೇಕಿದ್ದ ಪ್ರೀಮಿಯಂ ಬಾಕಿ ಉಳಿದಿದೆಯಾ ಅಂತ ಕೇಳಿ.

ಈಗ ಪಹಣಿಯನ್ನು ಆದೇಶದ ಪಕ್ಕ ಇಟ್ಟುಕೊಂಡು ಕೂರಿ. ಕಾಲಂ 9ರಲ್ಲಿ ಯಾರ ಹೆಸರಿದೆ? ಕಾಲಂ 10ರಲ್ಲಿ ಜಮೀನು ಹೇಗೆ ಬಂತು ಅಂತ ಇದೆಯಾ? ಕಾಲಂ 11ರಲ್ಲಿ ಸಾಲ, ತಕರಾರು ಏನಾದರೂ ಉಳಿದಿದೆಯಾ? ಆಮೇಲೆ ಎಕರೆ, ಗುಂಟೆ ನೋಡಿ. ನಮ್ಮ ಆದೇಶದಲ್ಲಿ 2 ಎಕರೆ 10 ಗುಂಟೆ, ಪಹಣಿಯಲ್ಲಿ 2 ಎಕರೆ 1 ಗುಂಟೆ. ಒಂದು ಸೊನ್ನೆ ಬಿಟ್ಟುಹೋಗಿದ್ದಕ್ಕೆ ಒಂಬತ್ತು ಗುಂಟೆ ಹೋಗಿತ್ತು. ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಡುವಾಗ ಆದೇಶದ ನಕಲು ಲಗತ್ತಿಸಿ. ಅದಿಲ್ಲದೆ ಯಾರೂ ಕಿವಿಗೊಡುವುದಿಲ್ಲ.

ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಇಲ್ಲೊಂದು ಮಾತು ಹೇಳಲೇಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. 'ಮದುವೆಯಾಗಿ ಹೋದವರು ಯಾಕೆ' ಅಂತ ನಮ್ಮ ಮನೆಯಲ್ಲೂ ಮಾತು ಬಂತು. ಆ ಗದ್ದೆಯಲ್ಲಿ ಸಸಿ ಕಿತ್ತು ನೆಟ್ಟವರು ನನ್ನ ಇಬ್ಬರು ಸೋದರತ್ತೆಯರು. ಅರ್ಜಿ ಅಜ್ಜನ ಹೆಸರಲ್ಲಿತ್ತು ನಿಜ, ಗೇಣಿ ಅಳೆದದ್ದು ಇಡೀ ಮನೆಯ ದುಡಿಮೆಯಿಂದ ಅಲ್ವಾ? ಇಬ್ಬರ ಹೆಸರೂ ಸೇರಿಸಿದೆವು. ಬಿಟ್ಟರೆ ಅನ್ಯಾಯ, ಮುಂದೆ ಕೋರ್ಟು ಅಲೆದಾಟ ಬೇರೆ.

ಕೊನೆಯದು ಅಳತೆ. ಎಷ್ಟೋ ಆದೇಶಗಳಲ್ಲಿ 'ಸರ್ವೆ ನಂಬರ್ ಇಂಥದ್ದರ ಪೈಕಿ' ಅಂತ ಮಾತ್ರ ಇರುತ್ತದೆ. ಆ 'ಪೈಕಿ' ಎಲ್ಲಿಂದ ಎಲ್ಲಿಯವರೆಗೆ? ಪೋಡಿ ಆಗಿ, ಅಂದರೆ ನಿಮ್ಮ ಭಾಗವನ್ನು ಅಳೆದು ಬೇರೆ ಮಾಡಿ, ನಕ್ಷೆ ಬರುವವರೆಗೆ ಅದು ತೀರ್ಮಾನ ಆಗುವುದಿಲ್ಲ. ಭೂಮಾಪಕರು ಬರುವ ದಿನ ಅಕ್ಕಪಕ್ಕದ ಹಿಡುವಳಿದಾರರನ್ನು ಕರೆಯಿರಿ. ಊರಿನ ಹಿರಿಯರೊಬ್ಬರು ಇರಲೇಬೇಕು. ಇದನ್ನು ಮುಂದಕ್ಕೆ ಹಾಕಬೇಡಿ, ಗಡಿ ಗೊತ್ತಿರುವವರಿಗೆ ವಯಸ್ಸಾಗುತ್ತಿದೆ.

ನಮ್ಮ ಅಳತೆ ದಿನ ದೊಡ್ಡತ್ತೆ ಬಂದಿದ್ದರು. ವಯಸ್ಸಾಗಿದೆ. ಅಂಚಿನ ಮೇಲೆ ಕೋಲೂರಿಕೊಂಡು ನಡೆದು, ಲಂಟಾನ ಪೊದೆಯ ಹತ್ತಿರ ನಿಂತು 'ಇಲ್ಲಿ ಅಗೀರಿ' ಅಂದರು. ಮೊಳದಷ್ಟು ಅಗೆದಾಗ ಗಡಿ ಗುರುತಿನ ಬಾಂದುಕಲ್ಲು ಸಿಕ್ಕಿತು.