ಒಂದು ಪಾನ್ ಕಡಿಮೆ, ಆದರೂ ಅರ್ಧ ಅಂಕ

ಈಚೆಗೆ ಚೆಸ್ ಕ್ಲಬ್‌ನಲ್ಲಿ ಕಪ್ಪು ಕಾಯಿಗಳಿಂದ ಆಡಿದ ಒಂದು ಡ್ರಾ ನನಗೆ ಎಷ್ಟೋ ಗೆಲುವುಗಳಿಗಿಂತ ಇಷ್ಟವಾಯಿತು.

ಓಪನಿಂಗ್, ಅಂದರೆ ಆರಂಭದ ನಡೆಗಳು, ಕಾರೋ-ಕಾನ್ ಎಂಬ ಪದ್ಧತಿ. ಅದರಲ್ಲಿ ಹೇಳುವಂಥದ್ದೇನಿಲ್ಲ. ಮಧ್ಯದಾಟದಲ್ಲಿ ಎದುರಾಳಿ ನನ್ನ ರಾಜನ ಮೇಲೆ ಜೋರಾಗಿಯೇ ಬಂದರು. ಆಗ ಒಂದು ಪಾನ್ (ಕಾಲಾಳು) ಬಿಟ್ಟುಕೊಟ್ಟು, ಮಂತ್ರಿ, ಕುದುರೆಗಳನ್ನು ಎಕ್ಸ್‌ಚೇಂಜ್ ಮಾಡಿ, ಆನೆಗಳ ಎಂಡ್‌ಗೇಮ್‌ಗೆ, ಅಂದರೆ ಕೊನೆಯಾಟಕ್ಕೆ, ಇಳಿದೆ. ಪಾನ್ ಕಡಿಮೆಯಿದ್ದಾಗ ಆಟ ಉಳಿಸಿಕೊಳ್ಳಲು ಆನೆಗಳಿದ್ದರೇ ಅನುಕೂಲ. ಆಮೇಲೆ ಅವಕಾಶ ಸಿಕ್ಕಾಗಲೆಲ್ಲ ಪಾನ್‌ಗೆ ಪಾನ್ ಹೊಡೆದೆ.

ಕೊನೆಗೆ ಉಳಿದದ್ದು ಇಷ್ಟು (ಅಕ್ಷರ ನೆಟ್ಟ ಸಾಲು, ಅಂಕಿ ಅಡ್ಡ ಸಾಲು): ಅವರ ರಾಜ ಡಿ5, ಪಾನ್ ಇ5, ಆನೆ ಎ7. ನನ್ನ ರಾಜ ಇ8, ಆನೆ ಬಿ6. ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ 1777ರಲ್ಲೇ ವಿವರಿಸಿದ ರಕ್ಷಣೆ ಇದು. ಇಂಥ ಕಡೆ ಆನೆಯನ್ನು 8ನೇ ಸಾಲಿಗೆ ತಂದು ರಾಜನ ಪಕ್ಕ ಕೂರಿಸೋಣ ಅನ್ನಿಸುತ್ತದೆ, ಅಲ್ವಾ? ಅಂಚಿನ ಪಾನ್ ಆಗಿದ್ದರೆ ಅದು ನಡೆಯುತ್ತಿತ್ತು. ನಡುವಿನ ಪಾನ್ ಎದುರು ಸೋಲು ಖಂಡಿತ. ಆನೆ 6ನೇ ಸಾಲಲ್ಲೇ ಇರಬೇಕು. ಆಗ ಅವರ ರಾಜ ಮುಂದೆ ಬರುವಂತಿಲ್ಲ. ನಾನು ಬಿ6ರಿಂದ ಜಿ6, ಜಿ6ರಿಂದ ಬಿ6 ಆಡುತ್ತಾ ಕಾದೆ. ಸುಮ್ನೆ ಕಾಯುವುದೇ ಇಲ್ಲಿ ಸರಿಯಾದ ಆಟ.

ಬೇರೆ ದಾರಿ ಕಾಣದೆ ಅವರು ಪಾನ್‌ ಅನ್ನು ಇ6ಕ್ಕೆ ತಳ್ಳಿದರು. ನಾನು ಕಾಯುತ್ತಿದ್ದದ್ದು ಇದಕ್ಕೇ. ತಕ್ಷಣ ಆನೆ ಬಿ1ಕ್ಕೆ ಇಳಿಯಿತು. ಅವರ ರಾಜ ಡಿ6ಕ್ಕೆ ಬಂದು ಮೇಟ್ (ರಾಜನನ್ನು ಕಟ್ಟಿಹಾಕಿ ಆಟ ಮುಗಿಸುವ) ಬೆದರಿಕೆ ಹಾಕಿದ. ನಾನು ಡಿ1ರಿಂದ ಚೆಕ್ (ರಾಜನ ಮೇಲೆ ನೇರ ದಾಳಿ) ಕೊಟ್ಟೆ. ರಾಜ ಇ5, ಮತ್ತೆ ಇ1ರಿಂದ ಚೆಕ್. ಬಚ್ಚಿಟ್ಟುಕೊಳ್ಳಲು ಬೇಕಾಗಿದ್ದ ಇ6 ಮನೆಯಲ್ಲಿ ಅವರದೇ ಪಾನ್ ಕೂತಿದೆ! ರಾಜ ದೂರ ಹೋದರೆ ಆ ಪಾನ್ ಹೋಗುತ್ತದೆ.

ಡ್ರಾ ಕೇಳಲೆಂದು, ಅದೇ ಸ್ಥಿತಿ ಮೂರನೇ ಸಲ ಬರುವಾಗ ನಡೆಯನ್ನು ಬೋರ್ಡ್ ಮೇಲೆ ಆಡಲಿಲ್ಲ. ಇದು ಹೊಸಬರಿಗೆ ಗೊತ್ತಿರಬೇಕು. ಮೊದಲು ಸ್ಕೋರ್‌ಶೀಟ್‌ನಲ್ಲಿ ಬರೆದೆ, ಗಡಿಯಾರ ನಿಲ್ಲಿಸಿದೆ, ತೀರ್ಪುಗಾರರಾದ ಆರ್ಬಿಟರ್‌ಗೆ ಹೇಳಿದೆ. ಅವರು ನಡೆಗಳನ್ನು ಪರೀಕ್ಷಿಸಿ ಡ್ರಾ ಕೊಟ್ಟರು.

"ಗೆಲುವು ಎಲ್ಲಿತ್ತು ಸರ್?" ಎಂದು ಎದುರಾಳಿಯೇ ಕೇಳಿದರು. ಇಬ್ಬರೂ ಕಾಯಿ ಜೋಡಿಸಿ ಹಿಂದಿನಿಂದ ನೋಡಿದೆವು. ಪಾನ್ ಮುಂದೆ ನಿಂತಿದ್ದ ನನ್ನ ರಾಜನನ್ನು ಮೊದಲೇ ಪಕ್ಕಕ್ಕೆ ಓಡಿಸಿದ್ದರೆ ಅವರಿಗೆ ಲುಸೆನಾ ಸ್ಥಿತಿ ಸಿಗುವ ದಾರಿ ಇತ್ತು. ಪಾನ್ ಇರುವವರ ರಾಜ ಪಾನ್ ಮುಂದೆ, ಎದುರಾಳಿಯ ರಾಜ ದೂರ ಇರುವ ಗೆಲುವಿನ ಸ್ಥಿತಿ ಅದು. ಕ್ಲಬ್ ಆಟಗಾರರು ಹೊಸ ಓಪನಿಂಗ್ ಹುಡುಕುವ ಮೊದಲು ಫಿಲಿಡೋರ್, ಲುಸೆನಾ ಈ ಎರಡನ್ನು ಕಲಿಯಲಿ ಅನ್ನುವುದು ನನ್ನ ಆಸೆ.