‘ಎದಕ್ಕ, ಅದಕ್ಕ’ ಬಲ್ಲವರಿಗೆ ಹಳೇ ಕಾಲದ ಇಂಗ್ಲಿಷ್

ಕಳೆದ ತಿಂಗಳು ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿದೆ. ಪಕ್ಕದಲ್ಲಿ ಕಾಲೇಜು ಹುಡುಗಿ, ತೊಡೆಯ ಮೇಲೆ ಝೆರಾಕ್ಸ್ ಹಾಳೆಗಳ ಕಟ್ಟು. ಶೇಕ್ಸ್‌ಪಿಯರ್ ನಾಟಕದಲ್ಲಿ ಜೂಲಿಯೆಟ್ ಮಾಳಿಗೆ ಮೇಲೆ ನಿಂತು ರೋಮಿಯೋನನ್ನು ನೆನೆಯುವ ಪುಟ. ‘ವೇರ್‌ಫೋರ್’ ಎಂಬ ಶಬ್ದದ ತಲೆ ಮೇಲೆ ಪೆನ್ಸಿಲ್‌ನಲ್ಲಿ ‘ಎಲ್ಲಿ’ ಎಂದು ಬರೆದುಕೊಂಡಿದ್ದಳು. ಸುಮ್ನೆ ಕೂರಲು ಆಗಲಿಲ್ಲ.

‘ತಂಗಿ, ಅದು ಎಲ್ಲಿ ಅಲ್ಲ, ಎದಕ್ಕ.’

‘ಹಂಗಂದ್ರರೀ?’

‘ದೇರ್‌ಫೋರ್ ಅಂದ್ರ ಅದಕ್ಕ. ಹಂಗಾದ್ರ ವೇರ್‌ಫೋರ್ ಅಂದ್ರ?’

ನವನಗರ ಬರುವ ಹೊತ್ತಿಗೆ ‘ಎಲ್ಲಿ’ ಅಳಿಸಿ ‘ಎದಕ್ಕ’ ಬರೆದಿದ್ದಳು. ಜೂಲಿಯೆಟ್ ಹುಡುಗನನ್ನು ಹುಡುಕುತ್ತಿಲ್ಲ. ನೀನು ಎದಕ್ಕಾಗಿ ರೋಮಿಯೋ ಆದಿ, ವೈರಿ ಮನೆಯವನೇ ಯಾಕಾಗಬೇಕಿತ್ತು ಎಂದು ಗೋಳಾಡುತ್ತಿದ್ದಾಳೆ. ಒಂದು ಶಬ್ದ ತಪ್ಪಿದರೆ ಇಡೀ ಪುಟವೇ ಬೇರೆ ಆಗುತ್ತದೆ, ಅಲ್ವಾ? ಇಂಥ ಶಬ್ದಗಳನ್ನು ನಾನು ಕಲಿತ ದಾರಿ ಹೀಗಿದೆ.

ಒಂದು: ಪಟ್ಟಿ ಬೇಡ, ಪುಟ ಸಾಕು

ಧಾರವಾಡದ ಸಪ್ತಾಪುರದ ಕಡೆ ಪರೀಕ್ಷೆಗೆ ಓದುವ ಹುಡುಗರ ಕೈಯಲ್ಲಿ ಶಬ್ದಪಟ್ಟಿಗಳು ಜಾಸ್ತಿ. ಪಟ್ಟಿಯ ಶಬ್ದ ವಾರದಲ್ಲಿ ಮರೆತುಹೋಗುತ್ತದೆ, ಅದಕ್ಕೆ ಹಿಂದೆ ಮುಂದೆ ಏನೂ ಇರುವುದಿಲ್ಲವಲ್ಲ. ಅದರ ಬದಲು ನಿಮಗೆ ಗೊತ್ತಿರುವ ವಿಷಯದ ಒಂದು ಹಳೇ ಪುಟ ಹಿಡಿಯಿರಿ. ನನ್ನ ಸಲಹೆ, 1884ರಲ್ಲಿ ಬಂದ, ಜಿಲ್ಲೆಗಳ ವಿವರ ಕೊಡುವ ಸರ್ಕಾರಿ ಗ್ರಂಥವಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರ್‌ನ 22ನೇ ಸಂಪುಟ. ಅದು ಪೂರ್ತಿ ಧಾರವಾಡ ಜಿಲ್ಲೆಯದು. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ, ಹಾಗಾಗಿ ಅವೂ ಅದರಲ್ಲಿವೆ. ಮಳೆ, ಬೆಳೆ, ಕೆರೆ, ಜಾತ್ರೆ ನಿಮಗೆ ಗೊತ್ತಿರುವುದೇ. ಶಬ್ದ ಗೊತ್ತಿಲ್ಲದಿದ್ದರೂ ಊಹೆ ದಾರಿ ತಪ್ಪುವುದಿಲ್ಲ.

ಮೊದಲ ಸಲ ನಿಘಂಟು ಮುಟ್ಟಬೇಡಿ. ಪೆನ್ಸಿಲ್ ಹಿಡಿದು ಕೊನೇವರೆಗೆ ಓದಿ.

ಎರಡು: ಮೂರು ಗುರುತು

ಕಂಡೇ ಇಲ್ಲದ ಶಬ್ದಕ್ಕೆ ಸೊನ್ನೆ. ಗೊತ್ತಿರುವ ಶಬ್ದವೇ ಬಾಲ ಬದಲಿಸಿಕೊಂಡು ಬಂದಿದ್ದರೆ ಕೆಳಗೊಂದು ಗೆರೆ: ‘ಹ್ಯಾತ್’ ಅಂದರೆ ‘ಹ್ಯಾಸ್’, ‘ಡತ್’ ಅಂದರೆ ‘ಡಸ್’. ನಮ್ಮ ‘ಪಾಲು’ ಹೋಗಿ ‘ಹಾಲು’ ಆದ ಹಾಗೆ ಇದು ಉಚ್ಚಾರ ಬದಲಾದದ್ದಲ್ಲ, ಉತ್ತರ ಇಂಗ್ಲೆಂಡಿನ ‘ಸ್’ ಬಾಲ ಬಂದು ಹಳೇ ‘ತ್’ ಬಾಲದ ಜಾಗ ಹಿಡಿಯಿತು, ಅಷ್ಟೇ. ಇನ್ನು ಶಬ್ದ ಗೊತ್ತಿದ್ದೂ ವಾಕ್ಯಕ್ಕೆ ಹೊಂದುತ್ತಿಲ್ಲ ಅನ್ನಿಸಿದರೆ ಪ್ರಶ್ನೆ ಚಿಹ್ನೆ.

ಮೋಸ ಮಾಡುವುದು ಈ ಮೂರನೆಯದು. ‘ವಾಂಟ್ ಆಫ್ ರೇನ್’ ಅಂದರೆ ಮಳೆ ಬೇಕು ಅಂತಲ್ಲ, ಮಳೆ ಕೊರತೆ. ನಿಮ್ಮ ಪಾಸ್‌ಪೋರ್ಟ್ ತೆಗೆದು ನೋಡಿ, ರಾಷ್ಟ್ರಪತಿಗಳ ಹೆಸರಿನಲ್ಲಿರುವ ವಿನಂತಿಯಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಅಂತ ಇದೆ. ಇಲ್ಲಿ ‘ಲೆಟ್’ ಅಂದರೆ ಬಿಡು ಅಲ್ಲ, ಅಡ್ಡಿ. ಪೂರಾ ಉಲ್ಟಾ! ರಾಣೆಬೆನ್ನೂರು ಕಡೆಯವರಿಗೆ ‘ಕಾರ್ನ್’ ಅಂದ ಕೂಡಲೇ ಗೋವಿನಜೋಳ ಕಣ್ಣಿಗೆ ಬರುತ್ತದೆ. ಆದರೆ ಇಂಗ್ಲೆಂಡಿನಲ್ಲಿ 1815ರಿಂದ 1846ರವರೆಗೆ ಇದ್ದ ‘ಕಾರ್ನ್ ಲಾ’ಗಳು ಗೋಧಿಯಂಥ ಕಾಳುಗಳಿಗೆ ಸಂಬಂಧಿಸಿದ್ದವು. ಹಳೇ ಇಂಗ್ಲಿಷಿನಲ್ಲಿ ಕಾರ್ನ್ ಅಂದರೆ ಕಾಳು, ಯಾವುದಾದರೂ ಸರಿ.

ಇನ್ನೊಂದು ತಮಾಷೆ. ‘ಸೂನ್’ ಎಂಬುದಕ್ಕೆ ಮೊದಲು ‘ಈಗಿಂದೀಗಲೇ’ ಅಂತ ಅರ್ಥವಿತ್ತು. ‘ಅನಾನ್’, ‘ಪ್ರೆಸೆಂಟ್ಲಿ’ ಕೂಡ ಹಾಗೇ. ಮೂರೂ ಬರಬರುತ್ತಾ ‘ಇನ್ನೊಂದು ಸ್ವಲ್ಪ ಹೊತ್ತಿಗೆ’ ಆಗಿಬಿಟ್ಟವು. ಯಾಕೆ ಅಂತ ತಿಳಿಯಬೇಕಾದರೆ ಖಾನಾವಳಿಗೆ ಹೋಗಿ ಇನ್ನೊಂದು ರೊಟ್ಟಿ ಹೇಳಿ. ‘ಬಂತರೀ, ಈಗ ಬಂತು’ ಅನ್ನುತ್ತಾರೆ. ನೀವು ಬದನೆಕಾಯಿ ಪಲ್ಯ ಮುಗಿಸಿ ಕೈ ಒಣಗಿಸಿಕೊಂಡು ಕೂತಿರುತ್ತೀರಿ.

ಮೂರು: ನೀನು ಯಾರು, ನೀವು ಯಾರು

‘ದೌ’ ಅಂದರೆ ನೀನು. ‘ದೀ’ ಅಂದರೆ ನಿನ್ನನ್ನು, ನಿನಗೆ. ‘ದೈ’ ನಿನ್ನ, ‘ದೈನ್’ ನಿನ್ನದು. ಕ್ರಿಯಾಪದಕ್ಕೂ ಬಾಲ ಬರುತ್ತದೆ: ನೀ ಹೋಗ್ತಿ, ನೀವು ಹೋಗ್ತೀರಿ ಅಂದ ಹಾಗೆ ‘ದೌ ಗೋಯೆಸ್ಟ್’, ‘ಯು ಗೋ’. ಪ್ರಾರ್ಥನೆಯಲ್ಲಿ ಕೇಳಿ ಕೇಳಿ ‘ದೌ’ ಭಾರೀ ಗೌರವದ ಶಬ್ದ ಅಂತ ಜನ ತಿಳಿದಿದ್ದಾರೆ. ಅದು ಸಲಿಗೆಯ ಶಬ್ದ. ನಾವೂ ದೇವರಿಗೆ ನೀನು ಅಂತೇವೆ, ತಹಶೀಲ್ದಾರರಿಗೆ ನೀವು ಅಂತೇವೆ. ಇಂಗ್ಲಿಷಿನವರು ನೀನು ಕಳೆದುಕೊಂಡು ಎಲ್ಲರಿಗೂ ನೀವು ಅನ್ನತೊಡಗಿದರು. ಹಳೇ ನಾಟಕದಲ್ಲಿ ಪಾತ್ರ ‘ಯು’ ಬಿಟ್ಟು ತಟ್ಟನೆ ‘ದೌ’ಗೆ ಇಳಿದರೆ ಗುರುತು ಹಾಕಿ. ಒಂದೋ ಪ್ರೀತಿ ಬಂದಿದೆ, ಇಲ್ಲ ಸಿಟ್ಟು ಬಂದಿದೆ. ಕಾಂಪೌಂಡ್ ಗೋಡೆಯ ಜಗಳದಲ್ಲಿ ‘ನೀವು’ ಹೋಗಿ ‘ನೀ ಯಾವನಲೇ’ ಬರುವ ಕ್ಷಣ ನೆನಪಿಸಿಕೊಳ್ಳಿ.

ನಾಲ್ಕು: ಇ, ಅ, ಎ

ನಮಗೆ ಇಲ್ಲಿ, ಅಲ್ಲಿ, ಎಲ್ಲಿ. ಅವರಿಗೆ ಹಿಯರ್, ದೇರ್, ವೇರ್. ಇಷ್ಟು ಎಲ್ಲರಿಗೂ ಗೊತ್ತು. ಇದಕ್ಕೆ ನಮ್ಮ ಹಾಗೇ ವಿಭಕ್ತಿ ಇತ್ತು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಇಲ್ಲಿಂದ, ಅಲ್ಲಿಂದ, ಎಲ್ಲಿಂದ: ಹೆನ್ಸ್, ದೆನ್ಸ್, ವೆನ್ಸ್.
ಇಲ್ಲಿಗೆ, ಅಲ್ಲಿಗೆ, ಎಲ್ಲಿಗೆ: ಹಿದರ್, ದಿದರ್, ವಿದರ್.

ಎರಡನೇ ಸಾಲು ಹುಬ್ಬಳ್ಳಿಯವರಿಗೆ ಬಾಯಿಪಾಠ ಬೇಕಿಲ್ಲ. ಇಧರ್, ಉಧರ್, ಕಿಧರ್ ಅಂದುಕೊಳ್ಳಿ, ಮುಗೀತು. ಎರಡಕ್ಕೂ ನೆಂಟಸ್ತಿಕೆ ಇದೆ ಅಂತ ನಾನು ಹೇಳುತ್ತಿಲ್ಲ, ನೆನಪಿಗೊಂದು ಗೂಟ ಅಷ್ಟೇ.

ಬ್ಯಾಂಕ್ ಸಾಲದ ಕಾಗದದಲ್ಲಿ, ಕೋರ್ಟಿನ ಆದೇಶದಲ್ಲಿ ಹೆದರಿಸುವ ಶಬ್ದಗಳೂ ಇದೇ ಮನೆಯವು. ‘ದೇರಾಫ್’ ಅದರ. ‘ದೇರಿನ್’ ಅದರಾಗ. ‘ದೇರಾನ್’ ಅದರ ಮ್ಯಾಲ. ‘ಹಿಯರ್‌ಬೈ’ ಇದರಿಂದ. ಎದಕ್ಕ, ಅದಕ್ಕ ಆಗಲೇ ನೋಡಿದೆವು.

ಐದು: ಈಗ ನಿಘಂಟು

ಅರ್ಥಕ್ಕಿಂತ ಮೊದಲು ಪಕ್ಕದ ಚೀಟಿ ಓದಿ. ‘ಡೇಟೆಡ್’ ಅಂದರೆ ಅಜ್ಜಂದಿರ ಮಾತು, ಕೆಲವರ ಬಾಯಲ್ಲಿ ಇನ್ನೂ ಇದೆ. ‘ಆರ್ಕೇಯಿಕ್’ ಅಂದರೆ ದಿನಬಳಕೆ ಬಿಟ್ಟದ್ದು, ಬೇಕೆಂದೇ ಹಳೇ ಕಳೆ ತರಲು ಬಳಸುವಂಥದ್ದು. ‘ಆಬ್ಸಲೀಟ್’ ಅಂದರೆ ಸತ್ತೇಹೋದದ್ದು. ‘ಲಿಟರರಿ’ ಅಂದರೆ ಕವಿತೆ, ಕಥೆಯ ಒಳಗೆ ಮಾತ್ರ. ಮೊಬೈಲ್ ನಿಘಂಟು ಸಾಮಾನ್ಯವಾಗಿ ಇಂದಿನ ಅರ್ಥ ಮೊದಲು ಕೊಡುತ್ತದೆ, ಆದ್ದರಿಂದ ಕೆಳಗಿನವರೆಗೆ ಓದಿ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನದು ಉಲ್ಟಾ ಲೆಕ್ಕ. ಅದರ ಮೊದಲ ಕಂತು ಬಂದದ್ದು 1884ರಲ್ಲಿ, ಮುಗಿದದ್ದು 1928ರಲ್ಲಿ. ಅದರಲ್ಲಿ ಹಳೇ ಅರ್ಥ ಮೊದಲು, ಹೊಸದು ಆಮೇಲೆ.

ಆರು: ಮನೆ ಮಾತಿನಲ್ಲಿ ಬರೆದುಕೊಳ್ಳಿ

ವಹಿಯಲ್ಲಿ ದಿನಕ್ಕೆ ನಾಲ್ಕೈದು ಶಬ್ದ ಸಾಕು. ಎದುರಿಗೆ ಇಂಗ್ಲಿಷ್ ಅರ್ಥ ಬರೆಯಬೇಡಿ, ಮನೆಯಲ್ಲಿ ಆಡುವ ಮಾತು ಬರೆಯಿರಿ. ‘ಫಾರ್‌ಸೂತ್’: ಖರೇ, ಅದೂ ಸ್ವಲ್ಪ ಕೊಂಕಾಗಿ. ‘ನೈ’: ಸನೇಕ, ಅಂದರೆ ಹತ್ತಿರ. ‘ಬಿಸೀಚ್’: ಕೈಕಾಲು ಬೀಳು. ‘ಫೋರ್ಟ್‌ನೈಟ್’: ಹದಿನಾಲ್ಕು ರಾತ್ರಿ, ಅಂದರೆ ಎರಡು ವಾರ.

ಓದಲು ಕಲಿತದ್ದನ್ನೆಲ್ಲ ಬರೆಯಲು ಹೋಗಬೇಡಿ. ಮೊದಲ ನೌಕರಿಯಲ್ಲಿ ತಂಗಿ ಮದುವೆಗೆ ರಜೆ ಬೇಕಾಗಿತ್ತು. ಹೊಸದಾಗಿ ಕಲಿತ ಹುರುಪಿನಲ್ಲಿ, ಒಂದು ಫೋರ್ಟ್‌ನೈಟ್ ರಜೆ ಕೊಡಬೇಕೆಂದು ‘ಬಿಸೀಚ್’ ಮಾಡುತ್ತೇನೆ ಅಂತ ಅರ್ಜಿ ಬರೆದೆ. ಮ್ಯಾನೇಜರ್ ಅದನ್ನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಿದರು. ಎರಡು ವರ್ಷ ಆಫೀಸಿನಲ್ಲಿ ನನ್ನ ಹೆಸರೇ ಬಿಸೀಚ್. ರಜೆ ಸಿಕ್ಕಿತು, ಹತ್ತು ದಿನ. ಫೋರ್ಟ್‌ನೈಟ್ ಅಂದರೆ ಹತ್ತಲ್ಲ ಸರ್ ಅಂತ ಹೇಳುವ ಧೈರ್ಯ ಮಾತ್ರ ಆಗ ಬರಲಿಲ್ಲ.