ಮರದ ನೆರಳಲ್ಲೇ ತರಕಾರಿ: ಊರೊಳಗಿನ ಸಣ್ಣ ತೋಟದ ನನ್ನ ಅನುಭವ

ಮರ ಹಾಕಿದ್ರೆ ತರಕಾರಿ ಬರಲ್ಲ, ತರಕಾರಿ ಬೇಕಂದ್ರೆ ಮರ ತೆಗೀಬೇಕು, ಅಷ್ಟು ಚಿಕ್ಕ ಜಾಗದಲ್ಲಿ ಎರಡೂ ಆಗೋ ಮಾತೇ ಅಲ್ಲ ಅಂತ ನಂಗೆ ಹೇಳದೇ ಇದ್ದೋರೇ ಕಮ್ಮಿ. ತೋಟಗಾರಿಕೆ ಓದಿದೋರೂ ಹೇಳಿದ್ರು, ನಲವತ್ತು ವರ್ಷ ಬೇಸಾಯ ಮಾಡಿದೋರೂ ಹೇಳಿದ್ರು. ಈಗ ಐದನೇ ವರ್ಷ ನಡೀತಿದೆ, ಸುಮಾರು 10 ಸಾವಿರ ಚದರ ಅಡಿ ಜಾಗ, ಸುತ್ತ ಮೂರು ಕಡೆ ಕಟ್ಟಡ, ಒಳಗೆ ಇನ್ನೂರರ ಹತ್ರ ಮರ ಗಿಡ, ಅದರ ಮಧ್ಯದಿಂದಲೇ ವಾರಾವಾರ ಹದಿನೈದಿಪ್ಪತ್ತು ಮನೆಗೆ ಸೊಪ್ಪು ತರಕಾರಿ ಹೋಗ್ತಿದೆ. ಹಾಗಾಗಿ ಧೈರ್ಯವಾಗಿ ಬರೀತಿದೀನಿ.

ಇದಕ್ಕೆ ಪರ್ಮಾಕಲ್ಚರ್ ಅಂತಾರೆ, ಅಂದ್ರೆ ಕಾಡಿನ ಥರ ಮರ, ಗಿಡ, ಬಳ್ಳಿ, ಗಡ್ಡೆ ಎಲ್ಲ ಒಟ್ಟಿಗೆ ಬೆಳೆಯೋ ಪದ್ಧತಿ. ಎತ್ತರದ ಮರದಿಂದ ಗಡ್ಡೆವರೆಗಿನ ಏಳು ಲೇಯರ್ ಯಾವ್ದು ಅಂತೆಲ್ಲ ಇಲ್ಲಿ ಬರೆಯಲ್ಲ. ಇದನ್ನ ಶುರು ಮಾಡಿದ ಆಸ್ಟ್ರೇಲಿಯಾದ ಮಾಲಿಸನ್, ಹೋಮ್‌ಗ್ರೆನ್ 1970ರ ದಶಕದಲ್ಲಿ ಹೇಳಿದ್ದಕ್ಕಿಂತ ನಂಗೆ ಜಾಸ್ತಿ ಕೆಲಸಕ್ಕೆ ಬಂದಿದ್ದು ಬ್ರೆಜಿಲ್‌ನಲ್ಲಿ ಅರ್ನ್‌ಸ್ಟ್ ಗೋಚ್ ಅನ್ನೋ ರೈತ 1980ರ ದಶಕದಿಂದ ಮಾಡ್ಕೊಂಡ್ ಬಂದಿರೋ ದಾರಿ, ಅಂದ್ರೆ ಒತ್ತೊತ್ತಾಗಿ ನೆಡೋದು, ಕೈ ನಡುಗದೇ ಕೊಂಬೆ ಸವರೋದು, ಸವರಿದ್ದನ್ನ ಅಲ್ಲೇ ನೆಲಕ್ಕೆ ಹಾಕೋದು. ಅವರದ್ದು ನೂರಾರು ಎಕರೆ, ನಂದು ಒಂದು ಅಂಗಳ. ಆದ್ರೆ ಸಣ್ಣ ಜಾಗದಲ್ಲೇ ಇದು ಇನ್ನೂ ಚೆನ್ನಾಗಿ ನಡೆಯುತ್ತೆ ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಪ್ರತಿ ಗಿಡದ ಹತ್ರ ವಾರಕ್ಕೊಂದ್ಸಲ ನಿಂತು ನೋಡೋಕಾಗುತ್ತೆ.

ಮೊದಲು ಮಣ್ಣಿನ ಕಥೆ. ಮಣ್ಣು ಅಂತ ಇರ್ಲೇ ಇಲ್ಲ, ಮೇಲೆ ನಾಲ್ಕು ಬೆರಳು ಧೂಳು, ಕೆಳಗೆ ಇಟ್ಟಿಗೆ ಚೂರು, ಸಿಮೆಂಟು, ಟೈಲ್ಸು. ಒಂದಡಿ ಗುಂಡಿಗೆ ನೀರು ತುಂಬಿಸಿ ಬಿಟ್ರೆ ಮಾರನೇ ದಿನವೂ ಅರ್ಧ ಹಂಗೇ ನಿಂತಿರೋದು. ಪಿಎಚ್, ಅಂದ್ರೆ ಮಣ್ಣಿನ ಹುಳಿ-ಕ್ಷಾರದ ಅಳತೆ (ಏಳು ಅಂದ್ರೆ ಸಮ), ಎಂಟೂವರೆ ಹತ್ರ, ಸಿಮೆಂಟು ಸುಣ್ಣದ ಕೃಪೆ. ಲೆಡ್ (ಸೀಸ ಅನ್ನೋ ವಿಷದ ಲೋಹ) ಟೆಸ್ಟ್ ಮೊದಲೇ ಮಾಡಿಸಿದ್ದೆ, ಅದೊಂದು ವಿಷಯದಲ್ಲಿ ಬಚಾವು. ಊರೊಳಗಿನ ಹಳೇ ಜಾಗ ತಗೊಳೋರು, ಅದ್ರಲ್ಲೂ ಹಳೇ ಪೇಂಟು, ಗ್ಯಾರೇಜು, ಬ್ಯಾಟರಿ ಕೆಲಸ ನಡೆದಿದ್ದ ಕಡೆ, ಆ ಟೆಸ್ಟ್ ಇಲ್ಲದೇ ಒಂದು ಸೊಪ್ಪೂ ಬಿತ್ತಬೇಡಿ. ಲೆಡ್ ಹೋಗಲಾಡಿಸೋಕೆ ಕಾಂಪೋಸ್ಟ್ ಒಂದರಿಂದ ಆಗಲ್ಲ.

ಮೊದಲ ವರ್ಷದ ದುಡ್ಡಲ್ಲಿ ಹತ್ರಹತ್ರ ಅರ್ಧ ಈ ಮಣ್ಣಿಗೇ ಹೋಯ್ತು. ಲಾರಿಲಿ ಕೆಂಪು ಮಣ್ಣು, ಲಾರಿಲಿ ಗೊಬ್ಬರ. ಆ ಗೊಬ್ಬರದ ಜೊತೆ ಬಂದಿದ್ದು ಜೇಕು ಅನ್ನೋ ಕಳೆಯ ಗಡ್ಡೆ, ಗಾಜಿನ ಚೂರು, ಪ್ಲಾಸ್ಟಿಕ್. ರಟ್ಟು ಹಾಸಿ ಮೇಲೆ ಸೊಪ್ಪು ಕಸದ ಮುಚ್ಚಿಗೆ ಹಾಕಿದ್ರೆ ಕಳೆ ಸಾಯುತ್ತೆ ಅಂತಾರಲ್ಲ, ಜೇಕು ಆ ರಟ್ಟನ್ನ ಸೂಜಿ ಥರ ಚುಚ್ಕೊಂಡು ಮೇಲೆ ಬಂತು. ಅದರ ಜೊತೆಗೆ ರಟ್ಟಿನ ಕೆಳಗೆ ಗೆದ್ದಲು. ಬೇಸಿಗೇಲಿ ಒಣಗಿದ ರಟ್ಟು ನೀರನ್ನ ಕೆಳಗೆ ಬಿಡ್ಲೇ ಇಲ್ಲ, ಡ್ರಿಪ್ ನೀರೆಲ್ಲ ಪಕ್ಕಕ್ಕೆ ಹರಿದು ದಾರಿ ಪಾಲು. ಜೇಕು ಕಮ್ಮಿ ಆಗಿದ್ದು ಕೊನೆಗೆ ನೆರಳಿಂದ. ಗೆಣಸಿನ ಬಳ್ಳಿ ದಟ್ಟವಾಗಿ ಹಬ್ಬಿಸಿ, ಮೇಲಿಂದ ಮರದ ನೆರಳು ಬಿದ್ಮೇಲೆ ಅದು ಸೊರಗಿಹೋಯ್ತು. ಯಾವ ನೆರಳನ್ನ ಎಲ್ಲರೂ ಬೈತಿದ್ರೋ ಅದೇ ನೆರಳು ಕಳೆ ಕೀಳೋ ಕೂಲಿ ಉಳಿಸ್ತು.

ಎರಡನೇ ವರ್ಷದಿಂದ ಹೊರಗಿನ ಗೊಬ್ಬರ ತರಿಸೋದು ನಿಲ್ಲಿಸಿ, ಗೊಬ್ಬರ ಕೊಡೋ ಗಿಡಕ್ಕೇ ದುಡ್ಡು ಹಾಕಿದೆ. ಗ್ಲಿರಿಸಿಡಿಯಾ ಅಂತ ಬೇಗ ಚಿಗುರೋ ಗೊಬ್ಬರದ ಮರ, ಅದರ ಗೂಟ ಬೇಲಿ ಸುತ್ತ ಮತ್ತೆ ಎರಡು ಬೆಡ್‌ಗೊಂದು ಸಾಲು, ಸುಮಾರು 60. ಮಧ್ಯೆ ಮಧ್ಯೆ ಅಗಸೆ ಮರ, ನುಗ್ಗೆ, ಪಪ್ಪಾಯಿ, ಬಾಳೆ. ಗಟ್ಟಿ ಇದ್ದ ಕಡೆಯೆಲ್ಲ ತೊಗರಿ, ಅದರ ತಾಯಿಬೇರು ಪಿಕಾಸಿ ಹೋಗದ ಕಡೆ ಹೋಗುತ್ತೆ. ಎರಡು ಎರಡೂವರೆ ವರ್ಷಕ್ಕೆ ತೊಗರಿ ಮುದಿಯಾಯ್ತು, ಬುಡಕ್ಕೆ ಕಡಿದು ಬೇರನ್ನ ಅಲ್ಲೇ ಕೊಳೆಯೋಕೆ ಬಿಟ್ಟು ಆ ಜಾಗದಲ್ಲೇ ಸೀಬೆ, ನಿಂಬೆ ಇಟ್ಟೆ. ಬೇರೆ ಕಡೆ ಗುಂಡಿ ತೋಡಿ ಇಟ್ಟ ನಿಂಬೆಗಿಂತ ಇವು ಈಗ ಚೆನ್ನಾಗೇ ಮುಂದಿವೆ. ಗುಂಡಿ ತೋಡೋ ಕೂಲಿಯೂ ಇಲ್ಲ.

ಈಗ ನೆರಳಿನ ವಿಷಯಕ್ಕೆ ಬರ್ತೀನಿ, ಇದೇ ಮುಖ್ಯ. ಮರ ಇರೋದು ಸಮಸ್ಯೆ ಅಲ್ಲ, ಸವರದೇ ಬಿಡೋದು ಸಮಸ್ಯೆ. ಗ್ಲಿರಿಸಿಡಿಯಾನ ನಾನು ಸೊಂಟದೆತ್ತರಕ್ಕೆ ಕಡೀತೀನಿ, ಮಳೆ ಇರೋ ತಿಂಗಳುಗಳಲ್ಲಿ ಆರೇಳು ವಾರಕ್ಕೊಂದ್ಸಲ, ಬೇಸಿಗೇಲಿ ಮುಟ್ಟೋದೇ ಇಲ್ಲ. ಮಳೆಗಾಲದಲ್ಲಿ ಮೋಡ ಇರೋದ್ರಿಂದ ಗಿಡಕ್ಕೆ ಬೆಳಕು ಬೇಕು, ಬೇಸಿಗೇಲಿ ಅದೇ ಗಿಡಕ್ಕೆ ತಂಪು ಬೇಕು, ಅಷ್ಟೇ ಲೆಕ್ಕ. ಒಂದೊಂದು ಗಿಡದಿಂದ ಒಂದು ಸಲಕ್ಕೆ ನಾಲ್ಕೈದು ಕೆಜಿ ಹಸಿ ಸೊಪ್ಪು ಸಿಗುತ್ತೆ, ಅದು ಸಾರಜನಕ ಜಾಸ್ತಿ ಇರೋ ಸೊಪ್ಪು, ಎರಡು ಮೂರು ವಾರದಲ್ಲಿ ಕರಗಿಹೋಗುತ್ತೆ. ಬರೀ ಅದನ್ನೇ ಹಾಕಿದ್ರೆ ಮಣ್ಣು ಬೇಗ ಬೆತ್ತಲೆ ಆಗುತ್ತೆ, ಅದಕ್ಕೆ ಮೇಲೆ ಒರಟು ಕಡ್ಡಿ, ಬಾಳೆ ದಿಂಡು ಸೀಳಿ ಕವುಚಿ ಹಾಕ್ತೀನಿ. ಬಿತ್ತೋದಕ್ಕೆ ಎಷ್ಟು ದಿನ ಮುಂಚೆ, ಯಾವ ಸಾಲು ಮೊದಲು ಸವರಬೇಕು ಅನ್ನೋದ್ರಲ್ಲಿ ನನ್ನದೊಂದು ಲೆಕ್ಕ ಇದೆ, ಅದನ್ನ ಇಲ್ಲಿ ಬಿಟ್ಟುಕೊಡಲ್ಲ. ನಿಮ್ಮ ಜಾಗದ ಬಿಸಿಲು ನೋಡ್ಕೊಂಡು ನೀವೇ ಹುಡುಕ್ಕೊಬೇಕು, ಒಂದು ವರ್ಷ ಗಮನ ಇಟ್ರೆ ಸಿಕ್ಕೇ ಸಿಗುತ್ತೆ.

ಯಾವ್ದು ಬಂತು ಯಾವ್ದು ಬರ್ಲಿಲ್ಲ ಅಂದ್ರೆ, ಟೊಮ್ಯಾಟೊ ಬರ್ಲಿಲ್ಲ, ಪೂರ್ತಿ ಬಿಟ್ಟೆ, ಬೆಂಡೆಯೂ ಅಂಚಿನ ಬೆಡ್‌ನಲ್ಲಿ ಮಾತ್ರ. ಹರಿವೆ, ಬಸಳೆ, ಪಾಲಕ್, ಕೊತ್ತಂಬರಿ ಬೇಸಿಗೇಲಿ ಬಯಲಿನ ಬೆಡ್‌ಗಿಂತ ಚೆನ್ನಾಗಿ ಬಂತು, ಬಯಲಲ್ಲಿ ಕೊತ್ತಂಬರಿ ಹೂವಿಗೆ ಹೋದಾಗ ನನ್ನ ನೆರಳಲ್ಲಿ ಇನ್ನೂ ಎಲೆ ಕೊಯ್ತಿದ್ದೆ. ಆ ಟೈಮಲ್ಲಿ ಬೇರೆಯೋರ ಹತ್ರ ಸೊಪ್ಪೇ ಇರಲ್ಲ, ಹಾಗಾಗಿ ರೇಟು ನಾನು ಹೇಳಿದ್ದೇ. ಮೆಣಸಿನಕಾಯಿ ಅರೆನೆರಳಲ್ಲಿ ಇಳುವರಿ ಸ್ವಲ್ಪ ಕಮ್ಮಿ, ಆದ್ರೆ ಗಿಡ ಬಾಳಿಕೆ ಜಾಸ್ತಿ. ನಿಜವಾದ ದುಡ್ಡು ಕೆಳಗಿದೆ: ಅರಿಶಿನ, ಶುಂಠಿ, ಸುವರ್ಣಗೆಡ್ಡೆ, ಕೆಸು. ಎಂಟೊಂಬತ್ತು ತಿಂಗಳು ಕಾಯ್ಬೇಕು, ಆದ್ರೆ ದಿನಾ ಕೊಯ್ಯೋ ಕೂಲಿ ಇಲ್ಲ, ಕಳ್ಳರ ಕಾಟವೂ ಇಲ್ಲ. ಊರೊಳಗೆ ಪಪ್ಪಾಯಿ ಹಣ್ಣಾಗೋವರೆಗೂ ಮರದಲ್ಲಿ ಉಳಿಸ್ಕೊಳ್ಳೋದು ಎಷ್ಟು ಕಷ್ಟ ಅಂತ ಬೆಳೆದೋರಿಗೇ ಗೊತ್ತು.

ಮುಚ್ಚಿಗೆ ಹಾಕಿದ್ರೆ ಬಸವನಹುಳು ಬರುತ್ತೆ, ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಆಫ್ರಿಕನ್ ದೊಡ್ಡ ಬಸವನಹುಳು ಒಂದು ಮಳೆಗಾಲದಲ್ಲಿ ಮೊಳಕೆ ಬಂದ ಸೊಪ್ಪನ್ನೆಲ್ಲ ಒಂದೇ ರಾತ್ರೀಲಿ ನೆಲಸಮ ಮಾಡ್ಬಿಡ್ತು, ಮತ್ತೆ ಬಿತ್ತಿದೆ, ಮತ್ತೆ ತಿಂತು. ಆ ಸೀಸನ್ ಸೊಪ್ಪಿನ ಆದಾಯ ಸೊನ್ನೆ. ಉಪ್ಪು ಹಾಕಿ ಅಂದ್ರು, ಮಣ್ಣಿಗೆ ಉಪ್ಪು ಹಾಕೋ ಮಾತೇ ಇಲ್ಲ. ಬಾತುಕೋಳಿ ಸಾಕಿ ನೋಡಿದೆ, ಸಣ್ಣ ಹುಳುಗಳನ್ನ ಚೆನ್ನಾಗೇ ತಿಂದ್ವು, ಜೊತೆಗೆ ಎಳೇ ಪಾಲಕ್ಕೂ ತಿಂದ್ವು, ಬೆಳಗಿನ ಜಾವದ ಗಲಾಟೆಗೆ ಪಕ್ಕದ ಮನೆಯೋರು ಬೇಡ ಅಂದ್ರು, ಕೊಟ್ಬಿಟ್ಟೆ. ಕೆಲಸ ಮಾಡಿದ್ದು ಒದ್ದೆ ಗೋಣಿಚೀಲ, ಅದರ ಕೆಳಗೆ ಪಪ್ಪಾಯಿ ಎಲೆ. ಸಂಜೆ ಹಾಸಿದ್ರೆ ಬೆಳಗ್ಗೆ ಬಕೆಟ್ ತುಂಬ ಸಿಗುತ್ತೆ. ಬರಿಗೈಲಿ ಮಾತ್ರ ಮುಟ್ಟಬೇಡಿ, ಅದರಿಂದ ಮನುಷ್ಯರಿಗೂ ಪರಾವಲಂಬಿ ಹುಳು ಬರಬಹುದು. ಮತ್ತೆ ಬಿತ್ತೋ ಬೆಡ್‌ನಿಂದ ಮುಚ್ಚಿಗೆ ಸರಿಸಿ, ಸಸಿ ಒಂದು ಗೇಣು ಆದ್ಮೇಲೆ ವಾಪಸ್ ಹಾಕ್ತೀನಿ.

ನೀರಿನ ಲೆಕ್ಕ ಸುಲಭ, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. ಪಕ್ಕದ ಕಟ್ಟಡದ 100 ಚದರ ಮೀಟರ್ ಛಾವಣಿ ಕೇಳಿ ಪಡ್ಕೊಂಡೆ, 50 ಮಿಲಿಮೀಟರ್ ಮಳೆಗೆ ನಷ್ಟ ಕಳೆದು ನಾಲ್ಕು ಸಾವಿರ ಲೀಟರ್ ಮೇಲೆ ಬರುತ್ತೆ. ಟ್ಯಾಂಕ್ ತುಂಬಿ ಹರಿದಿದ್ದು ಬಾಳೆ ಗುಂಡಿಗೆ, ಅಂದ್ರೆ ಸುತ್ತ ಬಾಳೆ ನೆಟ್ಟು ಮಧ್ಯೆ ಕಸ ಹಾಕೋ ಗುಂಡಿಗೆ. ಈ ಗುಂಡಿ ಮೊದಲು ವಾಸನೆ ಹೊಡೀತಿತ್ತು, ಹಸಿ ಕಸಾನೇ ತುಂಬಿದ್ದಕ್ಕೆ ಗಾಳಿ ಆಡ್ತಿರ್ಲಿಲ್ಲ. ತಳಕ್ಕೆ ದಪ್ಪ ಮರದ ತುಂಡು ಹಾಕಿದ್ಮೇಲೆ ನಿಂತುಹೋಯ್ತು. ಸ್ನಾನದ ನೀರು ಬಾಳೆಗೆ ಬಿಟ್ಟಾಗ ಏನೂ ಆಗ್ಲಿಲ್ಲ, ಬಟ್ಟೆ ಒಗೆದ ನೀರು ಬಿಟ್ಟಾಗ ಎಲೆ ಅಂಚು ಸುಟ್ಟಂಗಾಯ್ತು, ಡಿಟರ್ಜೆಂಟಿನ ಸೋಡಿಯಂ ಅದು, ಮೊದಲೇ ಪಿಎಚ್ ಜಾಸ್ತಿ ಇರೋ ಮಣ್ಣಿಗೆ ಬೇಡವೇ ಬೇಡ.

ದುಡ್ಡಿನ ವಿಷಯ ನೇರವಾಗಿ ಹೇಳ್ತೀನಿ. ಮೊದಲ ಎರಡು ವರ್ಷ ಬರೀ ಖರ್ಚು. ಮೂರನೇ ವರ್ಷ ದಿನನಿತ್ಯದ ಖರ್ಚು ತೂಗಿಸ್ತು. ನಾಲ್ಕನೇ ವರ್ಷ ಕೂಲಿ ಎಲ್ಲ ಕಳೆದು ಒಂದಿಷ್ಟು ಉಳೀತು, ಶುರುವಿಗೆ ಹಾಕಿದ ಬಂಡವಾಳದಲ್ಲಿ ಇನ್ನೂ ಕಾಲು ಭಾಗದಷ್ಟು ವಾಪಸ್ ಬರಬೇಕು. ಖರ್ಚಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ್ಲೂ ಆಳಿನ ಕೂಲಿ. ಗೊಬ್ಬರದ ಖರ್ಚು ಮಾತ್ರ ಇಲ್ಲವೇ ಇಲ್ಲ ಅನ್ನೋಷ್ಟು ಇಳಿದಿದೆ. ಮುಚ್ಚಿಗೆಗೆ ಬೇಕಾದ ಚಿಪ್ಸ್, ಅಂದ್ರೆ ಮರದ ಚೂರು, ಮರ ಕಡಿಯೋರ ಹತ್ರ ಹೆಂಗೆ ಪುಕ್ಕಟೆ ಸಿಗೋ ಹಂಗೆ ಮಾಡ್ಕೊಂಡೆ ಅನ್ನೋದನ್ನ ಕೇಳಬೇಡಿ, ಎಲ್ಲರೂ ಅಲ್ಲೇ ಹೋಗಿ ನಿಂತ್ರೆ ನಂಗೆ ಸಿಗಲ್ಲ. ಚಿಪ್ಸ್ ಮಣ್ಣೊಳಗೆ ಮಾತ್ರ ಬೆರೆಸಬೇಡಿ, ಸಾರಜನಕ ಹಿಡ್ಕೊಂಡುಬಿಡುತ್ತೆ, ಮೇಲೆ ಹಾಸಿದ್ರೆ ತೊಂದ್ರೆ ಇಲ್ಲ.

ಆದಾಯದಲ್ಲಿ ನಾನು ಅಂದುಕೊಳ್ಳದೇ ಬಂದಿದ್ದು ಸಸಿ ಮತ್ತೆ ಗೂಟದ ಮಾರಾಟ. ತೋಟ ನೋಡೋಕೆ ಬಂದೋರು ತರಕಾರಿಗಿಂತ ಅದನ್ನೇ ಕೇಳ್ತಾರೆ. ಬಾಳೆ ಬುಡದಲ್ಲಿ ತಾಯಿ, ಮಗಳು, ಮೊಮ್ಮಗಳು ಅಂತ ಮೂರು ಬಿಟ್ಟು ಮಿಕ್ಕ ಕಂದು ಕೀಳ್ತೀವಲ್ಲ, ಅದೂ ಹೋಗುತ್ತೆ.

ಈಗ ಕಲ್ಲಿನ ಮೇಲೆ ಆರು ಇಂಚಷ್ಟು ಕಪ್ಪು ಮಣ್ಣು ಕೂತಿದೆ, ಪಿಎಚ್ ಏಳೂವರೆ ಆಸುಪಾಸು, ಒಂದಡಿ ಗುಂಡಿಗೆ ತುಂಬಿಸಿದ ನೀರು ಒಂದು ಗಂಟೇಲಿ ಇಂಗುತ್ತೆ. ಬರಲ್ಲ ಅಂದೋರಲ್ಲಿ ಇಬ್ಬರು ಈಗ ಅವರ ಜಾಗಕ್ಕೆ ಗ್ಲಿರಿಸಿಡಿಯಾ ಗೂಟ ತಗೊಂಡು ಹೋಗಿದಾರೆ, ಅದು ನಂಗೆ ಖುಷಿ. ನೀವೂ ಹಾಕೋದಾದ್ರೆ ಮಳೆ ಶುರುವಾಗೋ ಹೊತ್ತಿಗೆ ಹಾಕಿ, ಗೂಟ ಹೆಬ್ಬೆರಳಿಗಿಂತ ದಪ್ಪ ಇರ್ಲಿ, ಬಲಿತಿರ್ಲಿ. ಎಳೇ ಕಡ್ಡಿ ಒಂದು ಸಲ ಚಿಗುರಿ ಆಸೆ ಹುಟ್ಟಿಸಿ ಒಣಗುತ್ತೆ.